ಫಾರ್ಮಕೋಸ್: ಮಾಟಗಾರನಿಗೂ ಬಲಿಪಶುವಿಗೂ ಒಂದೇ ಪದ

ನಮ್ಮಲ್ಲಿ ಮದ್ದು ಅಂದ್ರೆ ಔಷಧಿ. ಆದರೆ 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಅಂದ ಕೂಡಲೇ ಅರ್ಥ ಬೇರೆಯೇ ಆಗಿಬಿಡುತ್ತೆ. ಪ್ರಾಚೀನ ಗ್ರೀಕರ 'ಫಾರ್ಮಕಾನ್' ಕೂಡ ಹಾಗೇ: ಔಷಧಿ, ವಿಷ, ವಶೀಕರಣದ ಮದ್ದು, ಎಲ್ಲವೂ ಅದೇ. ಮೆಡಿಕಲ್ ಶಾಪ್ ಬೋರ್ಡಿನ 'ಫಾರ್ಮಸಿ' ಇದೇ ಪದದ ಕುಲದ್ದು.

ಇದರ ಪಕ್ಕದಲ್ಲೇ ಇರೋ ಪದ 'ಫಾರ್ಮಕೋಸ್'. ಹೀಬ್ರೂ ಬೈಬಲ್ಲನ್ನು ಗ್ರೀಕಿಗೆ ತಂದವರು ಫರೋಹನ ಮಾಟಗಾರರನ್ನು ಕರೆದದ್ದು ಈ ಹೆಸರಿನಿಂದ. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲು, ಕ್ರಿ.ಪೂ. 6ನೇ ಶತಮಾನದ ಕವಿ ಹಿಪ್ಪೋನಾಕ್ಸ್‌ನಲ್ಲಿ ಫಾರ್ಮಕೋಸ್ ಅಂದ್ರೆ ಊರಿನ ಪಾಪ ಹೊತ್ತು ಏಟು ತಿನ್ನುವವನು. ಕೈಗೆ ಒಣ ಅಂಜೂರ, ಬಾರ್ಲಿ ರೊಟ್ಟಿ, ಚೀಸ್ ಕೊಡ್ತಾರೆ. ಆಮೇಲೆ ಅಂಜೂರದ ಕೊಂಬೆಯಲ್ಲಿ ಬಡೀತಾರೆ. ಅಥೆನ್ಸಿನಲ್ಲಿ ಅಪೋಲೋ ದೇವರ ಥಾರ್ಗೇಲಿಯ ಹಬ್ಬಕ್ಕೆ ಇಂಥ ಇಬ್ಬರು: ಗಂಡಸರ ಪರವಾಗಿ ಒಬ್ಬ, ಹೆಂಗಸರ ಪರವಾಗಿ ಒಬ್ಬ. ಕೊರಳಿಗೆ ಅಂಜೂರದ ಸರ ಹಾಕಿ ಊರಾಚೆಗೆ ಅಟ್ಟುತ್ತಿದ್ದರು.

ಮಸ್ಸಾಲಿಯಾದ, ಅಂದ್ರೆ ಇವತ್ತಿನ ಮಾರ್ಸೇಲ್ ನಗರದ, ಕಥೆ ಇನ್ನೂ ಕರುಳು ಹಿಂಡುತ್ತೆ. ಪ್ಲೇಗ್ ಬಂದಾಗ ಬಡವನೊಬ್ಬ ತಾನಾಗಿ ಮುಂದೆ ಬರುತ್ತಿದ್ದನಂತೆ. ವರ್ಷವಿಡೀ ಊರಿನ ಖರ್ಚಿನಲ್ಲಿ ಶುದ್ಧವಾದ ಊಟ. ಕೊನೆಗೆ ಪವಿತ್ರ ಬಟ್ಟೆ ಉಡಿಸಿ, ಶಾಪ ಹಾಕುತ್ತಾ ಊರೆಲ್ಲ ಸುತ್ತಿಸಿ, ಹೊರದಬ್ಬುವುದು. 'ತಾನಾಗಿ' ಅನ್ನೋ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಹಸಿದವನಿಗೆ ಒಂದು ವರ್ಷದ ಅನ್ನ ತೋರಿಸಿದರೆ ಅದನ್ನು ಒಪ್ಪಿಗೆ ಅಂತೀವಾ?

ನಿಘಂಟುಗಳು ಮಾಟಗಾರ, ಬಲಿಪಶು ಅಂತ ಎರಡು ಅರ್ಥ ಬೇರೆಬೇರೆ ಕೊಡುತ್ತವೆ. ಬದುಕಿನಲ್ಲಿ ಅವೆರಡೂ ಒಂದೇ ಮೈಮೇಲೆ ಬಿದ್ದದ್ದೂ ಉಂಟು. ಕ್ರಿ.ಪೂ. 4ನೇ ಶತಮಾನದ ಅಥೆನ್ಸ್. ಲೆಮ್ನೋಸ್ ದ್ವೀಪದಿಂದ ಬಂದ ಥಿಯೋರಿಸ್ ಎಂಬ ಹೆಂಗಸು. ಆಕೆಯನ್ನು 'ಫಾರ್ಮಕಿಸ್', ಅಂದ್ರೆ ಮಾಟಗಾತಿ, ಎಂದು ಕರೆದು, ಮದ್ದು-ಮಂತ್ರದ ಕಾರಣಕ್ಕೆ ಮನೆಮಂದಿಯ ಸಮೇತ ಕೊಂದರು. ಈ ಸುದ್ದಿ ನಮಗೆ ಸಿಗೋದು ಡೆಮಾಸ್ತನೀಸನ ಹೆಸರಿನ ಒಂದು ಕೋರ್ಟ್ ಭಾಷಣದಲ್ಲಿ. ಅಲ್ಲೂ ಆಕೆಯ ಬಗ್ಗೆ ಕನಿಕರ ಇಲ್ಲ. ಎದುರಾಳಿಯ ಮಾನ ಕಳೆಯೋದಕ್ಕೆ ಅವಳ ಹೆಸರು ಬೇಕಾಗಿತ್ತು, ಅಷ್ಟೇ.

ಅವಳ ಮೇಲೆ ದೂರು ಕೊಟ್ಟವಳು ಮನೆಯ ಸೇವಕಿ. ಅದೇ ಮದ್ದು, ಅದೇ ಮಂತ್ರ ಆ ಸೇವಕಿಯಿಂದ ಎದುರಾಳಿಯ ಸಹೋದರನ ಕೈ ಸೇರಿತಂತೆ. ಅವನು ಅದರಿಂದಲೇ ಮೂರ್ಛೆರೋಗ ವಾಸಿಮಾಡ್ತೀನಿ ಅಂತ ಹೇಳಿಕೊಂಡು ಓಡಾಡುತ್ತಿದ್ದ.