ಹವ್ಯಾಸಿ ರೇಡಿಯೋ ಮೂಲಕ ಸ್ಥಾನ ಸೂಚನೆ (ಎ.ಪಿ.ಆರ್.ಎಸ್.): ಹೊಸಬರಿಗೆ ಮಾಹಿತಿ

ಪೀಠಿಕೆ
ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ, ಕಳವಾರ ಬೆಟ್ಟವೆಂದೂ ಕರೆಯಲ್ಪಡುವ ಸ್ಕಂದಗಿರಿಗೆ ಹಾಗೂ ನಂದಿಬೆಟ್ಟಕ್ಕೆ ಅನೇಕ ಚಾರಣಿಗರು ಬರುತ್ತಾರೆ. ಮಂಜು ಕವಿದಾಗ ದಾರಿ ತಪ್ಪುವ ಮತ್ತು ಬಂಡೆಯಿಂದ ಜಾರುವ ಸಂಭವವಿರುತ್ತದೆ. 2022ರ ಫೆಬ್ರವರಿ 20ರಂದು ನಂದಿಬೆಟ್ಟದ ಬ್ರಹ್ಮಗಿರಿ ಬಂಡೆಗಳಿಂದ ಸುಮಾರು 300 ಅಡಿ ಕೆಳಗೆ ಬಿದ್ದು ಸಿಲುಕಿದ್ದ 19 ವರ್ಷದ ವಿದ್ಯಾರ್ಥಿಯು ತಾನಿದ್ದ ಸ್ಥಳವನ್ನು ಮೊಬೈಲ್ ಮೂಲಕ ಪೊಲೀಸರಿಗೆ ತಿಳಿಸಿದ್ದು, ವಾಯುಪಡೆಯ ಹೆಲಿಕಾಪ್ಟರ್ ಆತನನ್ನು ರಕ್ಷಿಸಿತು. ಮೊಬೈಲ್ ಸಂಪರ್ಕ ದೊರೆಯದ ಕಡೆಗಳಲ್ಲಿ ಸ್ಥಾನವನ್ನು ತಿಳಿಸಲು ಹವ್ಯಾಸಿ ರೇಡಿಯೋ ನೆರವಾಗಬಲ್ಲದು.

ವ್ಯವಸ್ಥೆಯ ಸ್ವರೂಪ
ಈ ವ್ಯವಸ್ಥೆಯನ್ನು ಅಮೆರಿಕದ ಬಾಬ್ ಬ್ರುನಿಂಗಾ ಅವರು ರೂಪಿಸಿದರು. ಜಿ.ಪಿ.ಎಸ್. ನೀಡುವ ಅಕ್ಷಾಂಶ ಮತ್ತು ರೇಖಾಂಶಗಳನ್ನು ಕರೆಸಂಕೇತದೊಡನೆ ಕಿರು ಸಂದೇಶವಾಗಿ ರೇಡಿಯೋ ಪ್ರಸಾರ ಮಾಡುತ್ತದೆ. ಡಿಜಿಪೀಟರ್ ಎಂಬ ಕೇಂದ್ರವು ಅದನ್ನು ಮರುಪ್ರಸಾರ ಮಾಡುತ್ತದೆ. ಐಗೇಟ್ ಎಂಬ ಕೇಂದ್ರವು ಅದನ್ನು ಅಂತರ್ಜಾಲಕ್ಕೆ ತಲುಪಿಸುತ್ತದೆ. ಆಮ್‌ಸ್ಯಾಟ್ ಇಂಡಿಯಾ ರೂಪಿಸಿದ ಇಂತಹ ಒಂದು ಉಪಕರಣವನ್ನು ಇಸ್ರೋ 2019ರ ಏಪ್ರಿಲ್ 1ರಂದು ಪಿ.ಎಸ್.ಎಲ್.ವಿ.-ಸಿ45 ರಾಕೆಟ್‌ನ ನಾಲ್ಕನೆಯ ಹಂತದಲ್ಲಿ ಕಕ್ಷೆಗೆ ಕಳುಹಿಸಿತ್ತು.

ಪರವಾನಗಿ
ಪ್ರಸಾರಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಕಡ್ಡಾಯವಾಗಿರುತ್ತದೆ. ಅರ್ಜಿದಾರರು ಹವ್ಯಾಸಿ ಕೇಂದ್ರ ನಿರ್ವಾಹಕರ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರತಕ್ಕದ್ದು. ಇದರಲ್ಲಿ ರೇಡಿಯೋ ತತ್ತ್ವ ಹಾಗೂ ನಿಯಮಗಳ ಕುರಿತು ಪ್ರಶ್ನೆಗಳಿರುತ್ತವೆ. ಅರ್ಜಿಗಳನ್ನು ಸರಳ್ ಸಂಚಾರ್ ಜಾಲತಾಣದ ಮೂಲಕ ಸಲ್ಲಿಸಬಹುದಾಗಿದೆ. ಪರವಾನಗಿ ಇಲ್ಲದವರು ಅಂತರ್ಜಾಲದ ನಕ್ಷೆಗಳಲ್ಲಿ ಇತರರ ಸ್ಥಾನ ಸೂಚನೆಗಳನ್ನು ವೀಕ್ಷಿಸಿ ಪರಿಚಯ ಪಡೆಯಬಹುದು.

ಆರಂಭಿಸುವ ಕ್ರಮ
1. ಜಿ.ಪಿ.ಎಸ್. ಸೌಲಭ್ಯವುಳ್ಳ ಕೈ ರೇಡಿಯೋ, ಅಥವಾ ಸೂಕ್ತ ತಂತಿಯ ಮೂಲಕ ಸ್ಮಾರ್ಟ್‌ಫೋನಿಗೆ ಜೋಡಿಸಿದ ರೇಡಿಯೋ ಸಾಕಾಗುತ್ತದೆ.
2. ತಮ್ಮದೇ ಕರೆಸಂಕೇತವನ್ನು ನಮೂದಿಸತಕ್ಕದ್ದು. ಕೈ ರೇಡಿಯೋಗೆ 7, ವಾಹನಕ್ಕೆ 9 ಎಂಬ ಸಂಖ್ಯೆಯನ್ನು ಕೊನೆಯಲ್ಲಿ ಸೇರಿಸುವುದು ರೂಢಿ.
3. ಸ್ಥಳೀಯವಾಗಿ ಬಳಕೆಯಲ್ಲಿರುವ ತರಂಗಾಂತರವನ್ನು ಅನುಭವಿ ಹವ್ಯಾಸಿಗಳಿಂದ ಖಚಿತಪಡಿಸಿಕೊಳ್ಳತಕ್ಕದ್ದು.
4. ಒಂದೇ ತರಂಗಾಂತರವನ್ನು ಎಲ್ಲರೂ ಹಂಚಿಕೊಳ್ಳುವುದರಿಂದ ಪದೇ ಪದೇ ಪ್ರಸಾರ ಮಾಡಬಾರದು. ಸ್ಥಿರ ಕೇಂದ್ರಕ್ಕೆ 30 ನಿಮಿಷಕ್ಕೊಮ್ಮೆ ಸಾಕಾಗುತ್ತದೆ.

ಗಮನಿಸಬೇಕಾದ ಅಂಶಗಳು
ಈ ಸಂಕೇತಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುತ್ತವೆ. ಶಿಖರದಿಂದ ಬಹುದೂರ ತಲುಪುವ ಸಂಕೇತವು ಅದೇ ಬೆಟ್ಟದ ಕಂದರದಿಂದ ತಲುಪದಿರಬಹುದು. ಪ್ರಸಾರವಾದ ಮಾತ್ರಕ್ಕೆ ಯಾರಾದರೂ ಸ್ವೀಕರಿಸಿದ್ದಾರೆಂದು ಭಾವಿಸುವಂತಿಲ್ಲ. ಆದುದರಿಂದ ಹೊರಡುವ ಮುನ್ನ ಪರೀಕ್ಷಾ ಪ್ರಸಾರ ಮಾಡಿ, ನಕ್ಷೆಯಲ್ಲಿ ತಮ್ಮ ಸ್ಥಾನ ಕಾಣುತ್ತಿರುವುದನ್ನು ಮನೆಯವರಿಂದ ಖಚಿತಪಡಿಸಿಕೊಳ್ಳತಕ್ಕದ್ದು; ಹಿಂತಿರುಗುವ ಸಮಯವನ್ನೂ ಅವರಿಗೆ ತಿಳಿಸಿರತಕ್ಕದ್ದು. ಆ ಸಮಯ ಮೀರಿದಾಗ ನಕ್ಷೆಯ ಕೊನೆಯ ಗುರುತು ಹುಡುಕುವವರಿಗೆ ದಾರಿ ತೋರುತ್ತದೆ.

ಪ್ರಸಾರವಾದ ಸ್ಥಾನವು ಸರ್ವರಿಗೂ ಕಾಣುವುದರಿಂದ, ಮನೆಯ ಸ್ಥಾನ ಗೌಪ್ಯವಾಗಿರಬೇಕೆನ್ನುವವರು ಮನೆಯಿಂದ ದೂರ ಬಂದ ನಂತರ ಉಪಕರಣವನ್ನು ಚಾಲನೆಗೊಳಿಸುವುದು. ಹವ್ಯಾಸಿ ರೇಡಿಯೋವನ್ನು ವ್ಯಾಪಾರದ ಉದ್ದೇಶಕ್ಕೆ ಬಳಸುವಂತಿಲ್ಲ.

ರೇಡಿಯೋ ಪರವಾನಗಿಯು ಚಾರಣದ ಅನುಮತಿಯಲ್ಲ. ಸ್ಕಂದಗಿರಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯತಕ್ಕದ್ದು. ತುರ್ತು ಸಂದರ್ಭದಲ್ಲಿ ಮೊಬೈಲ್ ಸಂಪರ್ಕವಿದ್ದಲ್ಲಿ ಮೊದಲು 112ಕ್ಕೆ ಕರೆ ಮಾಡುವುದು.