ಕೊಳ್ಳೇಗಾಲದ ಸೈಟು, ಕೊಯಮತ್ತೂರಿನ ಪತ್ರ

ಮೊನ್ನೆ ಕೊಳ್ಳೇಗಾಲದಲ್ಲಿ ಸೈಟು ನೋಡಲು ಹೋದ ಗೆಳೆಯ ಫೋನ್ ಮಾಡಿದ. "ಮೂಲ ಪತ್ರದಲ್ಲಿ ಕೊಯಮತ್ತೂರು ಜಿಲ್ಲೆ ಅಂತಿದೆ ಕಣೋ, ಬೋಗಸ್ಸಾ?" ನಗು ಬಂತು. ಆದರೆ ಅವನ ಹತ್ತು ವರ್ಷದ ಉಳಿತಾಯದ ಪ್ರಶ್ನೆ.

ಜಿಲ್ಲೆಯ ಹೆಸರೇನೋ ಸರಿಯೇ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರೂ ಅದರೊಳಗೇ, ಬೇರೆ ತಾಲೂಕಾದದ್ದು ಇತ್ತೀಚೆಗೆ. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ನೆಲ ಕದಲಲಿಲ್ಲ, ಜಿಲ್ಲೆ ಮೂರಾಯಿತು! ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಹಾಗಾಗಿ ಅಕ್ಕಪಕ್ಕದ ಊರುಗಳಲ್ಲೇ ಕಾಗದದ ಭಾಷೆ ಬೇರೆ: ಮದ್ರಾಸಿನ ಕಡೆ ಪಟ್ಟಾ, ಚಿಟ್ಟಾ, ಅಡಂಗಲ್, ಮೈಸೂರಿನ ಕಡೆ ಖಾತೆ, ಪಹಣಿ.

ಕೊಳ್ಳುವವರು ನೆನಪಿಡಬೇಕಾದದ್ದು ಇಷ್ಟು. ಪಟ್ಟಾ ಕಂದಾಯದ ದಾಖಲೆ, ಕ್ರಯಪತ್ರವಲ್ಲ. ಆ ಹಳೇ ಹೆಸರಿನಿಂದ ಇವತ್ತು ಮಾರುವವರ ತನಕ ಕ್ರಯ, ವಿಭಾಗ, ದಾನ ಯಾವ ಕೊಂಡಿಯೂ ಕಳಚಿರಬಾರದು. ಇ.ಸಿ. ಕೇಳುವಾಗ 2004ರ ನಂತರದ್ದಷ್ಟೇ ಸಾಕೆನ್ನಬೇಡಿ, ಹಿಂದಿನದನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ ಎಂದೂ ನೋಡಿ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಭೂಪರಿವರ್ತನೆ ಆದೇಶವನ್ನೂ ಕೇಳಿ.

ಮಾರುವವರಿಗೆ ಒಂದೇ ಮಾತು: ಅಜ್ಜನ ಟ್ರಂಕಿನ ಕಾಗದ ಎಸೆಯಬೇಡಿ.

ಗೆಳೆಯ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಮಧ್ಯದ ಒಂದು ವಿಭಾಗಪತ್ರ ಹುಡುಕುತ್ತಿದ್ದಾನೆ.