ಬೀಗದ ಕೈ ಯಾರ ಹತ್ತಿರ? ಹೊಸೂರಿನಿಂದ ಮಂಜೇಶ್ವರದವರೆಗೆ ಒಂದು ಗ್ರಂಥಾಲಯದ ಕಥೆ

ಉಪ್ಪನ ಜೀನಸಿನ ಅಂಗಡಿ ಇದ್ದದ್ದು ಮಂಜೇಶ್ವರದ ಹೊಸಂಗಡಿ ಪೇಟೆಯಲ್ಲಿ. ಜೀರಿಗೆ, ಮೆಣಸು, ಬೆಲ್ಲ ಕಟ್ಟಲು ಹಳೆ ಪೇಪರನ್ನು ಕಿಲೋ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಗೋಣಿಯಲ್ಲಿ ಪೇಪರಿನ ಬದಲು ಪುಸ್ತಕ ಬಂತು. ಒಳಗಿನ ಪುಟದಲ್ಲಿ ನೇರಳೆ ಬಣ್ಣದ ದುಂಡು ಮುದ್ರೆ. ಊರಿನ ಹೆಸರು ಅರ್ಧ ಅಳಿಸಿತ್ತು, 'ವಾಚನಾಲಯ' ಎಂಬುದು ಮಾತ್ರ ಸ್ಪಷ್ಟ ಇತ್ತು. ನಡೆಸುತ್ತಿದ್ದ ಹಿರಿಯರು ತೀರಿಹೋಗಿದ್ದರು, ಕೋಣೆಯ ಧಣಿಗೆ ಕೋಣೆ ಬೇಕಾಗಿತ್ತು, ಬೀಗದ ಕೈ ಅವರ ಹತ್ತಿರವೇ ಇತ್ತು. ಅಷ್ಟೇ ಕಥೆ.

ಉಪ್ಪ ನಾಲ್ಕು ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಉಳಿದದ್ದರಲ್ಲಿ ಮೆಣಸು ಕಟ್ಟಿದೆವು. ಅಂಗಡಿಯವನ ಮಗನಾಗಿ ಸುಳ್ಳು ಹೇಳಬಾರದು. ಆ ನಾಲ್ಕರಲ್ಲಿ ಒಂದರ ಕೊನೆಗೆ ತಾರೀಕು ಒತ್ತುವ ಚೀಟಿ ಇನ್ನೂ ಅಂಟಿಕೊಂಡಿದೆ. ಮೊದಲ ಸಾಲುಗಳಲ್ಲಿ ತಿಂಗಳಿಗೆ ಎರಡು ಮೂರು ತಾರೀಕು, ಆಮೇಲೆ ವರ್ಷಕ್ಕೊಂದು, ಆಮೇಲೆ ಖಾಲಿ. ಒಂದು ವಾಚನಾಲಯ ಹೇಗೆ ಸಾಯುತ್ತದೆ ಎಂದು ಆ ಚೀಟಿಯಲ್ಲೇ ಇದೆ.

ಡಿಪ್ಲೊಮಾ ಮುಗಿಸಿ ಕೆಲಸಕ್ಕೆಂದು ಹೊಸೂರಿನ ಸಿಪ್‌ಕಾಟ್‌ಗೆ ಬಂದ ಮೇಲೆ ಈ ವಿಷಯ ಮತ್ತೆ ತಲೆಗೆ ಬಂತು. ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಕನ್ನಡ ಮತ್ತು ತೆಲುಗು ಮಾತಾಡುವವರು ಬಹಳ. ಮಂಜೇಶ್ವರದ ಹಾಗೆಯೇ ಇದೂ ಗಡಿ. ಮೊದಮೊದಲು ನನಗೆ ಎರಡೂ ಊರಿಗೆ ಸಂಬಂಧವೇ ಇಲ್ಲ ಅನ್ನಿಸಿತ್ತು. ಆದರೆ 1956ರ ನವೆಂಬರ್ 1ರ ತನಕ ಎರಡೂ ಒಂದೇ ಮದರಾಸು ರಾಜ್ಯದಲ್ಲಿದ್ದವು. ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು, ಮಂಜೇಶ್ವರ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ. ಹಾಗಾಗಿ ಎರಡಕ್ಕೂ ಒಂದೇ ಗ್ರಂಥಾಲಯ ಕಾನೂನು ಇತ್ತು: 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಸ್ವಾತಂತ್ರ್ಯ ಬಂದ ಮೇಲೆ ಇಡೀ ದೇಶದಲ್ಲಿ ಒಂದು ರಾಜ್ಯ ಮಾಡಿದ ಮೊದಲ ಗ್ರಂಥಾಲಯ ಕಾನೂನು ಅದು. ಆಗ ಒಮಂದೂರ್ ರಾಮಸ್ವಾಮಿ ರೆಡ್ಡಿಯಾರ್ ಪ್ರೀಮಿಯರ್, ಅವಿನಾಶಿಲಿಂಗಂ ಚೆಟ್ಟಿಯಾರ್ ಶಿಕ್ಷಣ ಮಂತ್ರಿ.

ಇದರ ಹಿಂದೆ ವರ್ಷಗಟ್ಟಲೆ ಬೆನ್ನುಬಿದ್ದವರು ಎಸ್. ಆರ್. ರಂಗನಾಥನ್. ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಗ್ರಂಥಾಲಯದ ಕೆಲಸಕ್ಕೆ ಬರುವ ಮೊದಲು ಅವರು ಗಣಿತದ ಮೇಷ್ಟ್ರು, ಮತ್ತು ಮೊದಲು ಪಾಠ ಮಾಡಿದ್ದು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಹಂಪನಕಟ್ಟೆಯಲ್ಲಿ ಈಗ ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಯುತ್ತಾರಲ್ಲ, ಅದೇ. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದದ್ದು 1924ರಲ್ಲಿ.

ಆ ಕಾಯ್ದೆಯಲ್ಲಿ ನನಗೆ ಇಷ್ಟವಾದದ್ದು ಅದರ ಲೆಕ್ಕ. ಮನೆ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈ ಗ್ರಂಥಾಲಯ ಕರ. ಆಗ ರೂಪಾಯಿಗೆ 192 ಪೈ, ಅಂದರೆ ಹತ್ತು ರೂಪಾಯಿ ತೆರಿಗೆ ಕಟ್ಟುವವನು ಐದಾಣೆ ಹೆಚ್ಚು ಕೊಡಬೇಕು. ಮದರಾಸು ನಗರ ಬಿಟ್ಟು ಉಳಿದ ಕಡೆ, ಜನ ಕೊಟ್ಟಷ್ಟಕ್ಕೆ ಕಡಿಮೆಯಾಗದಂತೆ ಸರ್ಕಾರವೂ ಹಾಕಬೇಕು. ಹಣ ಜಿಲ್ಲೆಯ ಗ್ರಂಥಾಲಯ ಪ್ರಾಧಿಕಾರದ ಕೈಗೆ ಹೋಗಬೇಕು. ಮನೆ ಇದ್ದವರೆಲ್ಲ, ಓದಲು ಬರಲಿ ಬಾರದಿರಲಿ, ಗ್ರಂಥಾಲಯದ ಪಾಲುದಾರರು. ಬೀಡಿ ಕಟ್ಟುವ ಮನೆಯ ತೆರಿಗೆಯಲ್ಲೂ ಅದರ ಪಾಲು ಇದೆ. ಇಂದಿಗೂ ಮೂರೂ ರಾಜ್ಯಗಳಲ್ಲಿ ಈ ಕರ ಇದೆ, ದರ ಬೇರೆ ಬೇರೆ. ನಿಮ್ಮ ಮನೆ ತೆರಿಗೆಯ ರಶೀದಿ ಒಮ್ಮೆ ನೋಡಿ.

1956ರಲ್ಲಿ ಗಡಿ ಎಳೆದಾಗ ಈ ಒಂದು ಮನೆ ಮೂರು ಪಾಲಾಯಿತು. ಹೊಸೂರು ಮದರಾಸಿನಲ್ಲೇ ಉಳಿಯಿತು, ಮಂಗಳೂರು ಮೈಸೂರಿಗೆ ಬಂತು, ಮಂಜೇಶ್ವರ ಕೇರಳಕ್ಕೆ ಹೋಯಿತು. ಮೈಸೂರು 1965ರಲ್ಲಿ ತನ್ನದೇ ಕಾಯ್ದೆ ಮಾಡಿ ಒಂದು ಇಲಾಖೆ ಕಟ್ಟಿತು. ತಮಿಳುನಾಡಿನಲ್ಲೂ ಶಾಖಾ ಗ್ರಂಥಾಲಯ ಎಂದರೆ ಸರ್ಕಾರಿ ನೌಕರರು ನಡೆಸುವ ಕಚೇರಿಯೇ. ಕೇರಳದ ದಾರಿ ಬೇರೆ. ಅಲ್ಲಿ ಮೊದಲು ಬಂದದ್ದು ಕಾನೂನಲ್ಲ, ಜನರ ಸಂಘ. 1945ರಲ್ಲಿ ಅಂಬಲಪ್ಪುಳದಲ್ಲಿ ಪಿ. ಎನ್. ಪಣಿಕ್ಕರ್ 47 ಗ್ರಂಥಾಲಯಗಳನ್ನು ಸೇರಿಸಿ ತಿರುವಾಂಕೂರಿನ ಗ್ರಂಥಶಾಲಾ ಸಂಘ ಮಾಡಿದರು. 1977ರಲ್ಲಿ ಸರ್ಕಾರ ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. 1989ರ ಕಾಯ್ದೆ ಮತ್ತೆ ಜನರ ಕೈಗೆ ಕೊಟ್ಟಿತು. ಈಗ ಅಲ್ಲಿ ಊರಿನವರೇ ಸದಸ್ಯರು, ಸದಸ್ಯರೇ ಸಮಿತಿ ಆರಿಸುತ್ತಾರೆ, ಅಲ್ಲಿಂದ ತಾಲೂಕು, ಜಿಲ್ಲೆ, ರಾಜ್ಯ ಕೌನ್ಸಿಲಿನ ತನಕ ಚುನಾವಣೆ. ಕೆಲಸ ನೋಡಿ ದರ್ಜೆ, ದರ್ಜೆ ನೋಡಿ ಅನುದಾನ. ಇಂಥ 9000ಕ್ಕಿಂತ ಹೆಚ್ಚು ಗ್ರಂಥಾಲಯಗಳಿವೆ. ರಾಜಕೀಯ ಇಲ್ಲವೆಂದಲ್ಲ, ಧಾರಾಳ ಇದೆ. ಆದರೆ ಜಗಳ ಮಾಡಲಿಕ್ಕಾದರೂ ಜನ ಅಲ್ಲಿಗೆ ಬರುತ್ತಾರೆ.

ಇನ್ನು ಮಂಜೇಶ್ವರದ ದೊಡ್ಡ ಕಥೆಗೆ ಬರುತ್ತೇನೆ.

ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು, ಮಂಜೇಶ್ವರದ ತಾಯಿಯ ತವರಿನಲ್ಲಿ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರ ಶಿಷ್ಯ. ಮದರಾಸಿಗೆ ಬಿ.ಎ. ಓದಲು ಹೋಗಿ, ತಂದೆ ತೀರಿಕೊಂಡದ್ದರಿಂದ ಮುಗಿಸದೆ ಬಂದರು. ಆಮೇಲೆ ಮಂಜೇಶ್ವರದ ಮನೆಯೇ ಅವರ ವಿಶ್ವವಿದ್ಯಾಲಯ. ಪುಸ್ತಕ ತರಿಸಿ, ಭಾಷೆ ಕಲಿತು, ಶಾಸನ ಓದಿ, ಕಾವ್ಯ ಬರೆದು ಅಲ್ಲೇ ಕೂತರು. 'ಗಿಳಿವಿಂಡು' 1930ರಲ್ಲಿ ಬಂತು. ಏಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ', ಬುದ್ಧನ ಕೊನೆಯ ದಿನದ ಬಗ್ಗೆ 'ವೈಶಾಖಿ' ಬರೆದರು. ರೈಲು ನಿಲ್ಲುವ ಒಂದು ಸಣ್ಣ ಊರಿನಲ್ಲಿ ಕುಳಿತವನಿಗೆ ಇಷ್ಟು ದೂರ ಕಂಡದ್ದು ಆ ಕಪಾಟುಗಳಿಂದಲೇ ಅಲ್ಲವೇ? ಗ್ರಂಥಾಲಯ ಕಾನೂನು ಮಾಡಿದ ಮರುವರ್ಷ, 1949ರಲ್ಲಿ, ಅದೇ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು.

1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋದವು. ಅಲ್ಲಿ ಅವರ ಹೆಸರಿನಲ್ಲೇ ಸಂಶೋಧನ ಕೇಂದ್ರ ಆಯಿತು. ಮನೆ ಮಂಜೇಶ್ವರದಲ್ಲೇ ಉಳಿಯಿತು.

ಇದನ್ನು ಓದಿದಾಗ ಮೊದಲು ನನಗೆ ಸಿಟ್ಟು ಬಂದಿತ್ತು. ನಮ್ಮೂರಿನ ಪುಸ್ತಕ ಯಾಕೆ ಉಡುಪಿಗೆ? ಆಮೇಲೆ ಯೋಚಿಸಿದೆ. ಬೀಗದ ಕೈ ಇದ್ದವರೇ ಕೊಟ್ಟದ್ದು, ಒಳ್ಳೆಯ ಜಾಗಕ್ಕೇ ಕೊಟ್ಟದ್ದು. ಕಡಲ ತೀರದ ತೇವ, ಗೆದ್ದಲು, ಮಳೆಗಾಲದ ನಾಲ್ಕು ತಿಂಗಳು. ಅಲ್ಲೇ ಇದ್ದಿದ್ದರೆ ಒಂದು ಪಾಲು ನಮ್ಮಂಥವರ ಅಂಗಡಿಗೇ ಬರುತ್ತಿತ್ತೋ ಏನೋ. ಉಡುಪಿಯ ಆ ಕೇಂದ್ರದಿಂದಲೇ ಆರು ಸಂಪುಟಗಳ ತುಳು ನಿಘಂಟು ಬಂತು. ಅದರ ಸಂಪಾದಕರು ಯು. ಪಿ. ಉಪಾಧ್ಯಾಯರು. ಅವರ ಪತ್ನಿ ಸುಶೀಲಾ ಉಪಾಧ್ಯಾಯರು ನಮ್ಮ ಬ್ಯಾರಿ ಭಾಷೆಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರು. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಬರುವುದಕ್ಕೆ ಎಷ್ಟೋ ಮೊದಲು ನಮ್ಮ ಮಾತನ್ನು ಒಂದು ಭಾಷೆಯೆಂದು ಕಿವಿಗೊಟ್ಟು ಕೇಳಿದವರು ಅವರು. ಹಾಗಾಗಿ ಪುಸ್ತಕ ಹೋದದ್ದು ನಷ್ಟ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೂ ಪುಸ್ತಕ ಉಳಿಯುವುದು ಒಂದು, ಜನ ಸೇರುವ ಜಾಗ ಉಳಿಯುವುದು ಇನ್ನೊಂದು. ಪುಸ್ತಕಕ್ಕೆ ಒಣ ಕೋಣೆ, ಕಪಾಟು ಇದ್ದರೆ ಸಾಕು. ಜಾಗಕ್ಕೆ ಊರಿನವರೇ ಬೇಕು. ಪೈಗಳು ಹೋದ ಮೇಲೆ ಆ ಮನೆಗೆ ಓದಲು ಹೋಗುವ ಕಾರಣ ಊರಿನವರಿಗೆ ಇರಲಿಲ್ಲ. ಎರಡೂ ಸರ್ಕಾರಗಳು ಸೇರಿ ಆ ಮನೆಯನ್ನು ಸರಿಮಾಡಿ, ಸಭಾಂಗಣ, ಗ್ರಂಥಾಲಯ ಸೇರಿಸಿ 'ಗಿಳಿವಿಂಡು' ಎಂಬ ಹೆಸರಿನಲ್ಲಿ ತೆರೆದದ್ದು 2017ರ ಜನವರಿಯಲ್ಲಿ. ಪೈಗಳು ತೀರಿಕೊಂಡು 53 ವರ್ಷ ಆಗಿತ್ತು. ಅಂದರೆ ಎರಡು ತಲೆಮಾರಿನ ಮಂಜೇಶ್ವರದ ಮಕ್ಕಳು, ನನ್ನನ್ನೂ ಸೇರಿಸಿ, ರಾಷ್ಟ್ರಕವಿಯ ಊರಿನಲ್ಲಿ ಬೆಳೆದು ಅವರ ಮನೆಯೊಳಗೆ ಕುಳಿತು ಒಂದು ಪುಸ್ತಕ ಓದಲಿಲ್ಲ. ಅಲ್ಲಿ ಕನ್ನಡ, ತುಳು, ಕೊಂಕಣಿ, ಮಲಯಾಳಂ, ಬ್ಯಾರಿ, ಮರಾಠಿ ಮಾತಾಡುವವರು ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಮಸೀದಿ, ದೇವಸ್ಥಾನ, ಇಗರ್ಜಿ ಎಲ್ಲರಿಗೂ ಬೇರೆ ಬೇರೆ. ಬಸ್ ಸ್ಟ್ಯಾಂಡ್ ಮತ್ತು ಅಂಗಡಿ ಜಗಲಿ ಬಿಟ್ಟರೆ ಎಲ್ಲರೂ ಕೂರುವ ಜಾಗ ಅಂದರೆ ಗ್ರಂಥಾಲಯ ಒಂದೇ. ಈಗ ಊರಿಗೆ ಹೋದಾಗ ನಮ್ಮ ಹುಡುಗರಿಗೆ ನಾನು ಹೇಳುವುದು: ಗಿಳಿವಿಂಡಿನ ಕಾರ್ಯಕ್ರಮಕ್ಕೆ ಕುರ್ಚಿ ತುಂಬಿಸಲು ಮಾತ್ರ ಹೋಗಬೇಡಿ, ಬರಿ ಕೈಯಲ್ಲಿ ಮಂಗಳವಾರ ಮಧ್ಯಾಹ್ನವೂ ಹೋಗಿ.

ಹೊಸೂರು ಕಡೆಯ ಮಾತು ಹೇಳಿ ನಿಲ್ಲಿಸುತ್ತೇನೆ. ತಮಿಳುನಾಡಿನ ಶಾಖಾ ಗ್ರಂಥಾಲಯಗಳಿಗೆ ವಾರದ ರಜೆ ಶುಕ್ರವಾರ. (ಜುಮಾಕ್ಕೆ ಅನುಕೂಲ ಎಂದು ತಮಾಷೆ ಮಾಡುತ್ತಿರುತ್ತೇವೆ.) ನನಗೆ ರಜೆ ಭಾನುವಾರ. ನಾನಿರುವ ಬಡಾವಣೆಯ ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಕನ್ನಡ ಪೇಪರ್ ಕೇಳಿದೆ. ಅಲ್ಲಿದ್ದ ಅಮ್ಮ, "ನಾನೊಬ್ಬಳು ಹೇಳಿದರೆ ಆಗಲ್ಲ ಸಾರ್, ವಾಸಗರ್ ವಟ್ಟಂಗೆ ಬನ್ನಿ" ಅಂದರು. ಓದುಗರ ಬಳಗ ಎಂದರ್ಥ. ಅಲ್ಲಿಯ ನಿಯಮದಲ್ಲೇ ಅದಕ್ಕೆ ಜಾಗ ಇದೆ. 1000 ರೂಪಾಯಿ ಕೊಟ್ಟರೆ ಗ್ರಂಥಾಲಯದ 'ಪುರವಲರ್', ಅಂದರೆ ಪೋಷಕ, ಆಗಬಹುದು. ಇಲಾಖೆಯ ಕಚೇರಿಯಲ್ಲೂ ಊರಿನವರಿಗೆ ಅಷ್ಟು ಬಾಗಿಲು ತೆರೆದಿದೆ, ಒಳಗೆ ಹೋಗುವವರು ಕಡಿಮೆ.

ನಾನು ಹೋದೆ. ಐದು ಜನ ಇದ್ದರು. ಒಬ್ಬರು ಕನ್ನಡ ಶಾಲೆಯಿಂದ ನಿವೃತ್ತರಾದ ಮೇಷ್ಟ್ರು. "ಪೇಪರ್ ತರಿಸೋದು ಕಷ್ಟ ಅಲ್ಲಪ್ಪ, ಓದಕ್ಕೆ ಯಾರು ಬರ್ತೀರಿ ಹೇಳಿ" ಎಂದು ನನ್ನನ್ನೇ ಕೇಳಿದರು. ಇಲ್ಲಿ ಕನ್ನಡ ಶಾಲೆಯ ಮಕ್ಕಳೂ ತಮಿಳು ಕಲಿಯಲೇಬೇಕು ಎಂಬ 2006ರ ಕಾನೂನಿನ ಮೇಲೆ ಕೋರ್ಟಿನ ತನಕ ಹೋರಾಟ ನಡೆದಿದೆ. ಆದರೆ ಆ ಮೇಜಿನಲ್ಲಿ ಅದರ ಮಾತು ಬರಲಿಲ್ಲ. ಪೇಪರಿನ ಒಂದು ವರ್ಷದ ಚಂದಾ ಕಟ್ಟಿದವರು ತೆಲುಗು ಮನೆಮಾತಿನ ಒಬ್ಬ ಹಾರ್ಡ್‌ವೇರ್ ಅಂಗಡಿಯವರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅವರ ತಾಯಿಗೆ ಬರುತ್ತದಂತೆ.

ಹೋದ ಸಲ ಊರಿಗೆ ಹೋದಾಗ ಆ ನಾಲ್ಕು ಪುಸ್ತಕ ತಂದೆ. ಒಂದನ್ನು ಗೆದ್ದಲು ತಿಂದಿದೆ, ಅದು ಬೇಡ ಅಂದರು. ಮೂರನ್ನು ತೆಗೆದುಕೊಂಡು ಹಳೆಯ ನೇರಳೆ ಮುದ್ರೆಯ ಕೆಳಗೆ ತಮಿಳು ಮುದ್ರೆ ಒತ್ತಿದರು. ಬಳಗ ಸೇರುವುದು ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ. ಹೊಸೂರಿನಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು ಯಾರಾದರೂ ಇದ್ದರೆ ಬನ್ನಿ, ಚಹಾ ಹೊರಗಿನ ಅಂಗಡಿಯಿಂದ ತರಿಸುತ್ತೇವೆ.